ತೂಕ ಮುಗಿದ ಮೇಲಿನ ವ್ಯಾಪಾರ

ಟೊಮೆಟೊ ತೂಗಿಯಾಯಿತು, ದುಡ್ಡೂ ಎಣಿಸಿಯಾಯಿತು. ಕೊಂಡವರು ಮಾತ್ರ ಕದಲುವುದಿಲ್ಲ. ‘ಒಂದೆರಡು ಹಸಿಮೆಣಸಿನಕಾಯಿ ಹಾಕಪ್ಪ’ ಎನ್ನುತ್ತಾರೆ. ‘ಮೆಣಸಿನಕಾಯಿ ರೇಟು ಗೊತ್ತೇನಮ್ಮ?’ ಎನ್ನುತ್ತಲೇ ಮಾರುವಾತ ನಾಲ್ಕು ಕಾಯಿ ಚೀಲಕ್ಕೆ ಹಾಕುತ್ತಾನೆ. ಆ ನಾಲ್ಕು ಕಾಯಿಯೇ ಕೊಸರು. ಅದಕ್ಕಾಗಿ ನಡೆಯುವ ಜಗ್ಗಾಟ ಕೊಸರಾಟ.

ಚೌಕಾಸಿಯ ದಾರಿಯೇ ಬೇರೆ. ಮರಾಠಿಯಲ್ಲಿ ‘ಚೌಕಶಿ’ ಎಂದರೆ ಇಂದಿಗೂ ವಿಚಾರಣೆ; ನಮ್ಮ ಸಂತೆಯಲ್ಲಿ ಚೌಕಾಸಿ ಬೆಲೆ ಇಳಿಸುವ ಮಾತು. ಸೀಟು ಹಂಚಿಕೆಯ ಹೊತ್ತಿಗೆ ಪತ್ರಿಕೆಗಳ ತಲೆಬರಹಕ್ಕೂ ಅದು ಏರುತ್ತದೆ. ಕೊಸರಾಡುವವರು ಬೆಲೆಯನ್ನು ಮುಟ್ಟುವುದಿಲ್ಲ. ಹೇಳಿದ ದರ ಹೇಳಿದಂತೆಯೇ ನಿಂತು, ಸರಕು ಮಾತ್ರ ತುಸು ಹೆಚ್ಚುತ್ತದೆ. ಮಾರುವವನ ಮಾತೂ ಉಳಿಯಿತು, ಕೊಳ್ಳುವವರಿಗೂ ಗಿಟ್ಟಿತು. ಚೌಕಾಸಿಗಿಂತ ಇದು ಮರ್ಯಾದಸ್ಥ ಜಗಳ.

ಕೊಸರು ಎಂಬ ಕ್ರಿಯಾಪದಕ್ಕೆ ಸಂತೆಯಾಚೆಗೂ ಕೆಲಸವಿದೆ. ಹಿಡಿದ ಕೈಯಿಂದ ಮಗು ಕೊಸರಿಕೊಂಡು ಓಡುತ್ತದೆ. ಬಲೆಗೆ ಬಿದ್ದ ಹಕ್ಕಿ ಕೊಸರಾಡುತ್ತದೆ. ತರಕಾರಿ ಗಾಡಿಯ ಮುಂದೆ ಯಾರು ಯಾರ ಹಿಡಿತದಲ್ಲಿದ್ದಾರೋ! ಹೆಚ್ಚುವರಿಯಾಗಿ ಕೊಡುವುದಕ್ಕೆ ತೆಲುಗರೂ ಕೊಸರು ಎನ್ನುತ್ತಾರೆ, ತಮಿಳರ ಬಾಯಲ್ಲಿ ಅದು ಕೊಸುರು.

ಸೇರು, ಪಾವುಗಳ ಕಾಲದಲ್ಲಿ ಅಳತೆಯ ಮೇಲೆ ಗೋಪುರವಾಗಿ ನಿಲ್ಲುವ ಕಾಳಿನಲ್ಲೇ ಕೊಸರಿಗೆ ಜಾಗವಿತ್ತು. 1956ರ ತೂಕ–ಅಳತೆ ಕಾಯ್ದೆಯೊಂದಿಗೆ ಕಿಲೋ, ಲೀಟರುಗಳು ಬಂದವು. ಆಮೇಲೆ ಬಂದ ಎಲೆಕ್ಟ್ರಾನಿಕ್ ತಕ್ಕಡಿ ಇಪ್ಪತ್ತು ಗ್ರಾಂ ಹೆಚ್ಚಾದರೂ ಚಾಡಿ ಹೇಳುತ್ತದೆ. ಪೊಟ್ಟಣದ ಮೇಲಿನ ಎಂಆರ್‌ಪಿಯಂತೂ ಬಾಯಿಗೇ ಬೀಗ ಹಾಕಿದೆ. ಅದು ಗರಿಷ್ಠ ಬೆಲೆ ಮಾತ್ರ, ಅದಕ್ಕಿಂತ ಕಡಿಮೆಗೆ ಕೇಳಲು ಕಾನೂನಿನ ಅಡ್ಡಿಯೇನಿಲ್ಲ. ಆದರೂ ಬಿಸ್ಕತ್ತಿನ ಪೊಟ್ಟಣಕ್ಕೆ ಚೌಕಾಸಿ ಮಾಡುವವರನ್ನಾಗಲಿ, ಕೊಸರಾಡುವವರನ್ನಾಗಲಿ ಕಂಡವರುಂಟೇ?

ಹೂವಿನವಳ ಮೊಳ ಮಾತ್ರ ಇನ್ನೂ ಯಾವ ಕಾಯ್ದೆಗೂ ಪೂರ್ತಿ ಬಗ್ಗಿಲ್ಲ. ಮೊಣಕೈಯಿಂದ ಬೆರಳ ತುದಿಗೆ ಅಳೆದು, ಗಿರಾಕಿಯ ಮುಖ ನೋಡಿ, ಮತ್ತೆ ನಾಲ್ಕು ಹೂವು ಬಿಟ್ಟು ದಾರ ಕತ್ತರಿಸುತ್ತಾಳೆ.

ಆ್ಯಪ್‌ಗಳಿಗೂ ಕೊಸರಿನ ರುಚಿ ತಿಳಿದಿದೆ. ಕೊತ್ತಂಬರಿ ಸೊಪ್ಪಿಗೂ ದುಡ್ಡು ಕೊಡಬೇಕಾಯಿತೆಂದು ತಮ್ಮ ತಾಯಿ ಬೆಚ್ಚಿಬಿದ್ದುದನ್ನು ಮುಂಬೈಯ ಗ್ರಾಹಕರೊಬ್ಬರು 2024ರ ಮೇ ತಿಂಗಳಲ್ಲಿ ಜಾಲತಾಣದಲ್ಲಿ ಬರೆದರು. ತರಕಾರಿಯನ್ನು ಮನೆಗೇ ತಲುಪಿಸುವ ಬ್ಲಿಂಕಿಟ್ ಕಂಪನಿ ಕೂಡಲೇ ಕೆಲವು ತರಕಾರಿಗಳ ಜೊತೆ ಕೊತ್ತಂಬರಿಯನ್ನು ಪುಕ್ಕಟೆ ಕೊಡತೊಡಗಿತು. ಸೊಪ್ಪೇನೋ ಬಂತು, ಆದರೆ ಪರದೆಯ ಮುಂದೆ ಕೊಸರಾಡುವುದು ಯಾರ ಜೊತೆ? ಅದನ್ನು ಆಫರ್ ಎಂದು ಕರೆಯುವುದೇ ಸರಿ.