ಅಂಗಡಿಯ ನಿಷೇಧಪಟ್ಟಿ

ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ಶಾಂಪೂ, ಲೋಷನ್, ಮಕ್ಕಳ ಸೋಪು ಇಟ್ಟಿರುವ ಸಾಲಿನಲ್ಲಿ ಕೆಲವು ವಸ್ತುಗಳಿಗೆ ಮಾತ್ರ ‘ಕ್ಲೀನ್’ ಎಂಬ ಗುರುತು ಇರುತ್ತದೆ. 2019ರಲ್ಲಿ ಬಂದ ಈ ಗುರುತನ್ನು ಕೊಡುವುದು ಸರ್ಕಾರವಲ್ಲ, ವೈದ್ಯರ ಸಂಘವೂ ಅಲ್ಲ, ಮಾಲು ಮಾರುವ ಅಂಗಡಿಯೇ. ಅದಕ್ಕೆ ಒಂದು ವರ್ಷ ಮೊದಲು ಸೌಂದರ್ಯವರ್ಧಕ ಮಳಿಗೆಗಳ ಸರಪಳಿ ಸೆಫೊರಾ ಇಂಥದೇ ಮುದ್ರೆ ತಂದಿತ್ತು. 2008ರಲ್ಲೇ ದಿನಸಿ ಮಳಿಗೆಗಳ ಸರಪಳಿ ಹೋಲ್ ಫುಡ್ಸ್ ತನ್ನದೊಂದು ಮಾನದಂಡ ಮಾಡಿಕೊಂಡಿತ್ತು. ಮೈಗೆ ಹಚ್ಚುವ ವಸ್ತುವಿನಲ್ಲಿ ಏನಿರಬಾರದು ಎಂದು ತೀರ್ಮಾನಿಸುವ ಹೊಣೆ ವ್ಯಾಪಾರಿಯ ಪಾಲಿಗೆ ಹೋದದ್ದು ಹೇಗೆ ಎಂದು ಹುಡುಕುತ್ತ ಹೋದರೆ 1938ರ ಒಂದು ಕಾಯ್ದೆಯ ಬಳಿ ಬಂದು ನಿಲ್ಲುತ್ತೇವೆ. ಆ ಕಾಯ್ದೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅಂಗಡಿ ಕೈಗೆತ್ತಿಕೊಂಡಿತು, ಒಂದಿಷ್ಟು ಮಾಡಿಯೂ ತೋರಿಸಿತು. ಆದರೆ ಅಂಗಡಿಯ ಪಟ್ಟಿ ಹುಟ್ಟಿದ್ದು ಗ್ರಾಹಕರು ಯಾವ ಹೆಸರನ್ನು ಕಂಡರೆ ಬೆಚ್ಚುತ್ತಾರೆ ಎಂಬ ಲೆಕ್ಕದಿಂದ. ಯಾವುದು ಎಷ್ಟು ಪ್ರಮಾಣದಲ್ಲಿ ಯಾರಿಗೆ ಕೆಡುಕು ಎಂಬ ಲೆಕ್ಕ ಬೇರೆಯದೇ, ಮತ್ತು ಈ ಎರಡೂ ಲೆಕ್ಕಗಳು ಹಲವು ಸಲ ತಾಳೆಯಾಗುವುದಿಲ್ಲ.

ಸೌಂದರ್ಯವರ್ಧಕಗಳಿಂದ ಆಗುವ ಹಾನಿ ಹೊಸದಾಗಿ ಕಂಡುಕೊಂಡ ಸಂಗತಿಯೇನಲ್ಲ. 1869ರಲ್ಲೇ ನ್ಯೂಯಾರ್ಕಿನ ವೈದ್ಯ ಲೂಯಿಸ್ ಸೇಯರ್, ಮೂವರು ಯುವತಿಯರ ಕೈಗಳು ಸ್ವಾಧೀನ ತಪ್ಪಿದ್ದನ್ನು ವರದಿ ಮಾಡಿದ್ದರು. ಮೂವರೂ ಮುಖ ಬೆಳ್ಳಗಾಗಲೆಂದು ‘ಲೇರ್ಡ್ಸ್ ಬ್ಲೂಮ್ ಆಫ್ ಯೂತ್’ ಎಂಬ ದ್ರವ ಹಚ್ಚುತ್ತಿದ್ದರು. ಅದರಲ್ಲಿ ಸೀಸವಿತ್ತು. ಇದೆಲ್ಲ ಗೊತ್ತಿದ್ದೂ 1906ರ ಆಹಾರ ಮತ್ತು ಔಷಧ ಕಾಯ್ದೆ ಸೌಂದರ್ಯವರ್ಧಕಗಳ ತಂಟೆಗೇ ಹೋಗಲಿಲ್ಲ. 1930ರ ದಶಕದ ಆರಂಭಕ್ಕೆ ಅದರ ಫಲ ಕಾಣಿಸಿತು. ಬೇಡದ ಕೂದಲು ಉದುರಿಸುವ ‘ಕೊರೆಮ್ಲು’ ಎಂಬ ಕ್ರೀಮಿನಲ್ಲಿ ಇಲಿಪಾಷಾಣಕ್ಕೆ ಬಳಸುತ್ತಿದ್ದ ಥ್ಯಾಲಿಯಂ ಇತ್ತು. ಹಚ್ಚಿಕೊಂಡ ಹೆಂಗಸರಿಗೆ ತಲೆಗೂದಲೂ ಉದುರಿತು, ಕೆಲವರ ನರಗಳೂ ಸೋತವು. ರೆಪ್ಪೆಗೂದಲಿಗೆ ಬಳಿಯುವ ‘ಲ್ಯಾಶ್ ಲೂರ್’ ಬಣ್ಣದಿಂದ ಕಣ್ಣು ಕಳೆದುಕೊಂಡವರಿದ್ದರು. ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇದನ್ನೆಲ್ಲ ನೋಡುತ್ತ ಕೂರಬೇಕಾಯಿತು, ಏಕೆಂದರೆ ಒಂದು ಬಾಟಲಿಯನ್ನು ಜಪ್ತಿ ಮಾಡುವ ಅಧಿಕಾರವೂ ಅದಕ್ಕಿರಲಿಲ್ಲ. ಕೊನೆಗೆ ಅದು 1933ರಲ್ಲಿ ಹಾನಿಗೊಳಗಾದವರ ಚಿತ್ರಗಳನ್ನೂ ಆ ಬಾಟಲಿಗಳನ್ನೂ ಪ್ರದರ್ಶನಕ್ಕಿಟ್ಟಿತು. ಪತ್ರಿಕೆಗಳವರು ಅದಕ್ಕೆ ‘ಭಯಾನಕ ಕೋಣೆ’ ಎಂಬರ್ಥದ ಹೆಸರಿಟ್ಟರು. ಸರ್ಕಾರಿ ಇಲಾಖೆಯೊಂದು ತನ್ನ ಕೈಲಾಗದತನವನ್ನೇ ಪ್ರದರ್ಶನಕ್ಕಿಟ್ಟು ಅಧಿಕಾರ ಬೇಡಿದ ನಿದರ್ಶನಗಳು ಹೆಚ್ಚಿರಲಾರವು.

ಆದರೂ ಕಾಯ್ದೆ ಬಂದದ್ದು ಆ ಹೆಂಗಸರ ಕಣ್ಣುಗಳಿಗಾಗಿ ಅಲ್ಲ. 1937ರಲ್ಲಿ ‘ಎಲಿಕ್ಸಿರ್ ಸಲ್ಫನಿಲಮೈಡ್’ ಎಂಬ ಔಷಧ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಅನೇಕರು. ಆ ಆಕ್ರೋಶದ ಬಿಸಿಯಲ್ಲಿ 1938ರ ಜೂನ್‌ನಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಅದರ ಹೆಸರಿನಲ್ಲಿ ಆಹಾರ, ಔಷಧದ ಹಿಂದೆ ಸೌಂದರ್ಯವರ್ಧಕವೂ ಸೇರಿತು, ಆದರೆ ಊಟದ ಪಂಕ್ತಿಯಲ್ಲಿ ಕೊನೆಗೆ ಕೂತವನಿಗೆ ಬಡಿಸಿದಷ್ಟೇ ಅದಕ್ಕೆ ಸಿಕ್ಕಿತು. ಔಷಧ ಮಾರುವವರು ಅದು ಸುರಕ್ಷಿತವೆಂದು ಮೊದಲೇ ತೋರಿಸಬೇಕು, ಕ್ರೀಮು ಮಾರುವವರು ತೋರಿಸಬೇಕಿಲ್ಲ. ಹಾನಿಯಾದ ಮೇಲೆ ಸರ್ಕಾರವೇ ಅದನ್ನು ಸಾಬೀತು ಮಾಡಬೇಕು. ಕಲ್ಲಿದ್ದಲ ಡಾಂಬರಿನಿಂದ ಮಾಡಿದ ತಲೆಗೂದಲ ಬಣ್ಣಗಳಿಗೆ ಒಂದು ಎಚ್ಚರಿಕೆಯ ಮಾತು ಅಚ್ಚು ಹಾಕಿದರೆ ವಿನಾಯಿತಿ. ಸೋಪು ಹೊರಗೇ ಉಳಿಯಿತು. ಲ್ಯಾಶ್ ಲೂರ್ ಏನೋ ಹೊಸ ಕಾಯ್ದೆಯಡಿ ಜಪ್ತಿಯಾದ ಮೊದಲ ಸೌಂದರ್ಯವರ್ಧಕವಾಯಿತು. ಬೆರೆಸುವ ಬಣ್ಣಗಳಿಗೆ ಮುಂಗಡ ಒಪ್ಪಿಗೆ ಬೇಕೆಂಬ ತಿದ್ದುಪಡಿ 1960ರಲ್ಲಿ ಬಂತು. 1976ರಿಂದ ಘಟಕಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯೊಂದು ನಡೆದುಬಂದಿದೆ, ಆದರೆ ಅದರ ಖರ್ಚು ನೋಡಿಕೊಂಡದ್ದು ಉದ್ಯಮವೇ. ಉಳಿದಂತೆ 84 ವರ್ಷ ಆ ಕಾಯ್ದೆಯ ಸೌಂದರ್ಯವರ್ಧಕದ ಭಾಗ ಬಹುಮಟ್ಟಿಗೆ ಇದ್ದಂತೆಯೇ ಇತ್ತು.

ಈ ಖಾಲಿ ಜಾಗಕ್ಕೆ ಖಾಸಗಿ ಮುದ್ರೆಗಳು ಬಂದದ್ದೂ ಇಂದು ನಿನ್ನೆಯ ಮಾತಲ್ಲ. ‘ಗುಡ್ ಹೌಸ್‌ಕೀಪಿಂಗ್’ ಎಂಬ ಮಹಿಳಾ ಪತ್ರಿಕೆ 1909ರಿಂದ ತಾನು ಪರೀಕ್ಷಿಸಿದ ವಸ್ತುಗಳಿಗೆ ಮುದ್ರೆ ಒತ್ತುತ್ತಿತ್ತು. ಗೃಹಿಣಿಯರು ಅದನ್ನು ನಂಬಿದರು. ಮುದ್ರೆ ಹೊತ್ತ ವಸ್ತುಗಳ ಜಾಹೀರಾತೂ ಅದೇ ಪತ್ರಿಕೆಯಲ್ಲಿ ಬರುತ್ತಿತ್ತು. 1939ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದು ಜನರನ್ನು ದಾರಿ ತಪ್ಪಿಸುತ್ತದೆಂದು ದೂರು ಹೂಡಿತು, 1941ರಲ್ಲಿ ಮುದ್ರೆಯ ಮಾತುಗಳಿಗೆ ಕಡಿವಾಣ ಹಾಕಿತು. ಪರೀಕ್ಷಿಸುವವನ ಸಂಪಾದನೆ ಪರೀಕ್ಷೆಗೆ ಬಂದವನಿಂದಲೇ ಬರುತ್ತಿದ್ದರೆ ಮುದ್ರೆಯ ಬೆಲೆ ಎಷ್ಟು ಎಂಬ ಪ್ರಶ್ನೆ ಆಗಲೇ ಎದ್ದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಇಂದಿನ ನಿಷೇಧಪಟ್ಟಿಗಳಿಗೆ ದಾರಿ ಮಾಡಿಕೊಟ್ಟದ್ದು ಲೇಬಲ್. 1977ರಿಂದ ಅಮೆರಿಕದಲ್ಲಿ ಪ್ರತಿ ಘಟಕದ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಕಡ್ಡಾಯವಾಯಿತು. ಸುವಾಸನೆಗೆ ಮಾತ್ರ ರಿಯಾಯಿತಿ. ಹತ್ತಾರು ರಾಸಾಯನಿಕಗಳ ಮಿಶ್ರಣವಾದರೂ ‘ಫ್ರಾಗ್ರೆನ್ಸ್’ ಎಂಬ ಒಂದೇ ಪದ ಸಾಕು, ವ್ಯಾಪಾರದ ಗುಟ್ಟು ಕಾಯಬೇಕಲ್ಲ. ಹೀಗೆ ಓದಬಹುದಾದ ಹೆಸರುಗಳು ಒಂದು ಕಡೆ, ಓದಲಾಗದವು ಇನ್ನೊಂದು ಕಡೆ ಆದವು. 2004ರಲ್ಲಿ ಎರಡು ಘಟನೆ ನಡೆದವು. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಫಿಲಿಪಾ ಡಾರ್ಬರ್ ಮತ್ತು ಸಂಗಡಿಗರು 20 ಸ್ತನ ಗೆಡ್ಡೆಗಳಲ್ಲಿ ಪ್ಯಾರಾಬೆನ್ ಎಂಬ ಸಂರಕ್ಷಕದ ಅಂಶ ಕಂಡದ್ದಾಗಿ ಪ್ರಕಟಿಸಿದರು. ಆರೋಗ್ಯವಂತ ಅಂಗಾಂಶದೊಡನೆ ಹೋಲಿಕೆ ಅದರಲ್ಲಿರಲಿಲ್ಲ, ಪ್ಯಾರಾಬೆನ್ನಿನಿಂದ ಕ್ಯಾನ್ಸರ್ ಬಂತೆಂಬುದು ಅದರಿಂದ ಸಿದ್ಧವಾಗುವಂತಿರಲಿಲ್ಲ. ಅದೇ ವರ್ಷ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಸೌಂದರ್ಯವರ್ಧಕಗಳಿಗೆ ಅಂಕ ಕೊಡುವ ‘ಸ್ಕಿನ್ ಡೀಪ್’ ಎಂಬ ಮಾಹಿತಿಕೋಶ ತೆರೆಯಿತು. ಬಾಟಲಿ ತಿರುಗಿಸಿ ಹಿಂಭಾಗ ಓದುವ ಗ್ರಾಹಕ ವರ್ಗವೊಂದು ಹುಟ್ಟಿತು. 2009ರಲ್ಲಿ ಸುರಕ್ಷಿತ ಸೌಂದರ್ಯವರ್ಧಕಗಳ ಚಳವಳಿ ಮಕ್ಕಳ ಶಾಂಪೂಗಳಲ್ಲಿ ಫಾರ್ಮಾಲ್ಡಿಹೈಡ್ ಇರುವುದನ್ನು ಪ್ರಕಟಿಸಿತು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2012ರಲ್ಲಿ ಬದಲಾವಣೆಗೆ ಒಪ್ಪಿ, 2014ರ ಆರಂಭಕ್ಕೆ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂರಕ್ಷಕವಿಲ್ಲದ ಶಾಂಪೂವನ್ನು ಮಾರುಕಟ್ಟೆಗೆ ತಂದಿತು.

ಆಮೇಲೆ ಬಂದರು ಭಾರೀ ಗಾತ್ರದ ವ್ಯಾಪಾರಿಗಳು. ವಾಲ್‌ಮಾರ್ಟ್ 2013ರಲ್ಲಿ ಸುಮಾರು ಹತ್ತು ರಾಸಾಯನಿಕಗಳನ್ನು ಕಡಿಮೆ ಮಾಡಿಸುವುದಾಗಿ ಸಾರಿತು. ಅವುಗಳ ಹೆಸರು ಹೊರಬಿದ್ದದ್ದು 2016ರಲ್ಲಿ: ಫಾರ್ಮಾಲ್ಡಿಹೈಡ್, ಟ್ರೈಕ್ಲೋಸಾನ್, ಟಾಲ್ಯೂಯಿನ್, ಎರಡು ಪ್ಯಾರಾಬೆನ್‌ಗಳು, ಎರಡು ಥ್ಯಾಲೇಟ್‌ಗಳು, ನೋನೈಲ್‌ಫಿನಾಲ್ ಇಥಾಕ್ಸಿಲೇಟ್. ತೂಕದ ಲೆಕ್ಕದಲ್ಲಿ ಶೇಕಡಾ 95 ಇಳಿಕೆಯಾಗಿದೆ ಎಂದು ಕಂಪನಿ ಹೇಳಿಕೊಂಡಿತು. 2017ರಲ್ಲಿ ಟಾರ್ಗೆಟ್ ತನ್ನ ನೀತಿ ಪ್ರಕಟಿಸಿತು, ಔಷಧ ಅಂಗಡಿಗಳ ಸರಪಳಿ ಸಿವಿಎಸ್ ತನ್ನ ಸ್ವಂತ ಹೆಸರಿನ ಸುಮಾರು 600 ವಸ್ತುಗಳಿಂದ ಪ್ಯಾರಾಬೆನ್, ಥ್ಯಾಲೇಟ್ ಮುಂತಾದವನ್ನು ತೆಗೆಯುವುದಾಗಿ ಹೇಳಿತು. ಇದನ್ನು ಬರೀ ತೋರಿಕೆ ಎಂದು ತಳ್ಳಿಹಾಕಲಾಗದು. ವಾಲ್‌ಮಾರ್ಟ್ ಬೇಡವೆಂದರೆ ತಯಾರಕನಿಗೆ ಆ ಸೂತ್ರ ಬದಲಿಸದೆ ಗತಿಯಿಲ್ಲ. ಮೇಲುಮಟ್ಟದ ಅಂಗಡಿಗೆ ಹೋಗಲಾಗದವರ ಬಚ್ಚಲಿಗೂ ಆ ಬದಲಾವಣೆ ತಲುಪುತ್ತದೆ. ಆದರೆ ಮೂರು ವರ್ಷ ಹೆಸರು ಹೇಳದೆ ಇಟ್ಟುಕೊಂಡ ನಿಷೇಧವನ್ನೂ ನೆನಪಿಡಬೇಕು. ಯಾವ ಸರ್ಕಾರಕ್ಕೂ ಗುಟ್ಟಿನಲ್ಲಿ ಕಾನೂನು ನಡೆಸಲು ಬರುವುದಿಲ್ಲ, ಅಂಗಡಿಗೆ ಆ ಮುಲಾಜಿಲ್ಲ.

ಚಳವಳಿಗಾರರು ಸದಾ ಮುಂದಿಡುತ್ತ ಬಂದ ವಾದವೊಂದಿದೆ: ಐರೋಪ್ಯ ಒಕ್ಕೂಟ 1300ಕ್ಕೂ ಹೆಚ್ಚು ವಸ್ತುಗಳನ್ನು ನಿಷೇಧಿಸಿದೆ, ಅಮೆರಿಕ ಹನ್ನೊಂದನ್ನು, ಆದ್ದರಿಂದ ಪಟ್ಟಿ ಉದ್ದವಾದಷ್ಟೂ ಕ್ಷೇಮ. ಈ ಎಣಿಕೆ ಮೋಸಗೊಳಿಸುತ್ತದೆ. ಯುರೋಪಿನ ಪಟ್ಟಿಯಲ್ಲಿ ವಿಕಿರಣ ಸೂಸುವ ಪದಾರ್ಥಗಳೂ ಸ್ಟ್ರಿಕ್ನೀನ್‌ನಂಥ ವಿಷವೂ ಇವೆ, ಅವನ್ನು ಯಾರೂ ಲಿಪ್‌ಸ್ಟಿಕ್ಕಿಗೆ ಬೆರೆಸುತ್ತಿರಲಿಲ್ಲ. ಯುರೋಪಿನಿಂದ ಕಲಿಯಬೇಕಾದದ್ದು ಅಳತೆಯ ಪದ್ಧತಿಯನ್ನು. ಪ್ಯಾರಾಬೆನ್ ವಿಷಯದಲ್ಲಿ 2014ರಲ್ಲಿ ಅಲ್ಲಿ ಮಾಡಿದ್ದು ನೋಡಿ: ಸುರಕ್ಷತೆಯ ದಾಖಲೆ ಸಾಲದ ಐದು ಪ್ಯಾರಾಬೆನ್‌ಗಳನ್ನು ಕೈಬಿಟ್ಟರು, ಪ್ರೊಪೈಲ್ ಮತ್ತು ಬ್ಯುಟೈಲ್‌ಗೆ ಶೇಕಡಾ 0.14ರ ಮಿತಿ ಹಾಕಿದರು, ಮೀಥೈಲ್ ಮತ್ತು ಈಥೈಲ್ ಅನ್ನು ಹಳೆಯ ಮಿತಿಯಲ್ಲೇ ಉಳಿಸಿದರು. ಟಾರ್ಗೆಟ್‌ನ 2017ರ ನೀತಿಯೂ ಪ್ರೊಪೈಲ್, ಬ್ಯುಟೈಲ್ ಎಂದು ಬಿಡಿಸಿಯೇ ಹೇಳಿತ್ತು. ಆದರೆ ಸೆಫೊರಾದ ಮೊದಲ ‘ಕ್ಲೀನ್’ ಪಟ್ಟಿ ಎಲ್ಲ ಪ್ಯಾರಾಬೆನ್‌ಗಳನ್ನೂ ಒಟ್ಟಿಗೆ ಹೊರಹಾಕಿತು, ಜೊತೆಗೆ ಮಿನರಲ್ ಆಯಿಲನ್ನೂ ಫಾರ್ಮಾಲ್ಡಿಹೈಡನ್ನೂ ಒಂದೇ ಸಾಲಿಗೆ ಸೇರಿಸಿತು. ಶುದ್ಧೀಕರಿಸಿದ ಮಿನರಲ್ ಆಯಿಲನ್ನು ಮಕ್ಕಳ ಮೈಗೆ ಹಚ್ಚುತ್ತಾರೆ. ಇನ್ನೊಂದರಲ್ಲಿ ಹೆಣ ಕೆಡದಂತೆ ಇಡುತ್ತಾರೆ.

ಹೀಗೆ ಹೆಸರನ್ನಷ್ಟೇ ಓಡಿಸಿದಾಗ ಆ ಜಾಗಕ್ಕೆ ಏನು ಬರುತ್ತದೆ? ನೀರಿರುವ ಯಾವ ಲೋಷನ್ನೂ ಸಂರಕ್ಷಕವಿಲ್ಲದೆ ನಿಲ್ಲದು, ಬೂಸ್ಟು ಹಿಡಿಯುತ್ತದೆ. ಯುರೋಪಿನಲ್ಲಿ 2005ರಿಂದ ಒಂಟಿಯಾಗಿ ಬಳಸಲು ಅನುಮತಿ ಸಿಕ್ಕಿದ್ದ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ, ಪ್ಯಾರಾಬೆನ್‌ಗೆ ಕೆಟ್ಟ ಹೆಸರು ಬಂದ ಅದೇ ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು. ಅದರ ಹಿಂದೆಯೇ ಚರ್ಮದ ಅಲರ್ಜಿಯೂ ಹಬ್ಬಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. 2017ರಲ್ಲಿ ಯುರೋಪ್, ತೊಳೆಯದೆ ಮೈಮೇಲೆ ಉಳಿಯುವ ಕ್ರೀಮುಗಳಿಂದ ಅದನ್ನು ಹೊರಹಾಕಿತು. ಅದೇ ತಜ್ಞರ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು ವರ್ಷದ ‘ಅಲರ್ಜಿಕಾರಕವಲ್ಲದ್ದು’ ಎಂದು ಘೋಷಿಸಿತು. ಪಂಡಿತರೂ ಹೀಗೆ ಕುಟುಕಬಲ್ಲರು. ಪ್ಯಾರಾಬೆನ್ ಹಾರ್ಮೋನಿನ ಮೇಲೆ ಏನೂ ಮಾಡುವುದಿಲ್ಲ ಎಂಬುದು ಇದರಿಂದ ಸಾಬೀತಾಗುವುದಿಲ್ಲ, ಆ ಪ್ರಶ್ನೆ ಬೇರೆ. ಒಂದು ಹೆಸರಿಗೆ ಹೆದರಿ ಇನ್ನೊಂದನ್ನು ಸಾಕಷ್ಟು ಪರೀಕ್ಷಿಸದೆ ಬಿಟ್ಟುಕೊಂಡದ್ದಕ್ಕೆ ಚರ್ಮ ಬೆಲೆ ತೆತ್ತಿತು ಎಂಬುದಂತೂ ದಾಖಲಾದ ಮಾತು.

ಅಂಗಡಿಯ ಕಣ್ಣು ಹಾಯದ ಜಾಗಗಳೂ ಇವೆ. ಕೂದಲು ನೇರಗೊಳಿಸುವ ಸಾಮಗ್ರಿ ಮುಖ್ಯವಾಗಿ ಬಳಕೆಯಾಗುವುದು ಪಾರ್ಲರುಗಳಲ್ಲಿ ಮತ್ತು ಕಪ್ಪು ಮಹಿಳೆಯರ ಮನೆಗಳಲ್ಲಿ. 2010ರಲ್ಲಿ ಒರೆಗಾನ್ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ, ಫಾರ್ಮಾಲ್ಡಿಹೈಡ್ ಇಲ್ಲವೆಂದು ಮಾರುತ್ತಿದ್ದ ಅಂಥ ದ್ರಾವಣದಲ್ಲೇ ಅದನ್ನು ಧಾರಾಳವಾಗಿ ಕಂಡಿತು. ಪತ್ತೆಯಾದದ್ದು ಅಲ್ಲಿ ಕೆಲಸ ಮಾಡುವವರ ದೂರಿನಿಂದ, ಯಾವ ಮಳಿಗೆಯ ಮುದ್ರೆಯಿಂದಲೂ ಅಲ್ಲ. 2022ರಲ್ಲಿ ಪ್ರಕಟವಾದ ‘ಸಿಸ್ಟರ್ ಸ್ಟಡಿ’ ಅಧ್ಯಯನ 33,497 ಮಹಿಳೆಯರನ್ನು ಗಮನಿಸಿ, ಇಂಥ ಸಾಮಗ್ರಿಯನ್ನು ಪದೇ ಪದೇ ಬಳಸಿದವರಿಗೆ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 4.05, ಬಳಸದವರಿಗೆ ಶೇಕಡಾ 1.64 ಎಂದು ಅಂದಾಜಿಸಿತು. ಇದು ಕಾರಣವನ್ನು ಸಾಬೀತುಪಡಿಸುವ ಪ್ರಯೋಗವಲ್ಲ, ಗಮನಿಕೆ ಮಾತ್ರ. ಆದರೂ 20 ಗೆಡ್ಡೆಗಳ ಅಧ್ಯಯನಕ್ಕಿಂತ ಇದರ ಆಧಾರ ಬಹಳ ದೊಡ್ಡದು.

ರಾಸಾಯನಿಕವೇ ಬೇಡ, ನೈಸರ್ಗಿಕವೇ ಸಾಕು ಎನ್ನುವವರಿಗೆ ಸುರ್ಮಾ ಉತ್ತರ ಹೇಳುತ್ತದೆ. ಗಲೀನಾ ಎಂಬ ಖನಿಜವನ್ನು ಅರೆದು ಮಾಡುವ ಸುರ್ಮಾ ಅಪ್ಪಟ ನೈಸರ್ಗಿಕ, ಮತ್ತು ಬಹುಪಾಲು ಸೀಸ. ಎಫ್‌ಡಿಎ ಸುರ್ಮಾ, ಕಾಜಲ್‌ಗಳನ್ನು ಅನುಮತಿಯಿಲ್ಲದ ಬಣ್ಣವೆಂದೇ ಪರಿಗಣಿಸಿ ಬಂದರಿನಲ್ಲಿ ತಡೆಯುತ್ತದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಸೂಟ್‌ಕೇಸಿನಲ್ಲಿ ಊರಿಂದ ಹೋಗುವ ಕಾಡಿಗೆ ಡಬ್ಬಿಗೆ ಟಾರ್ಗೆಟ್‌ನ ನೀತಿಯೂ ಅನ್ವಯಿಸದು. ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆಯೂ ಖನಿಜ ಅರೆದ ಸುರ್ಮಾವೂ ನೋಡಲು ಒಂದೇ ಕಪ್ಪು, ಬೇರ್ಪಡಿಸಲು ಪ್ರಯೋಗಾಲಯ ಬೇಕು. ಆ ಡಬ್ಬಿ ಹೊರಡುವ ಊರಿನಲ್ಲಿ ಕಾನೂನಿಲ್ಲವೆಂದಲ್ಲ. ಭಾರತದ 1940ರ ಔಷಧ ಕಾಯ್ದೆಗೆ 1962ರ ತಿದ್ದುಪಡಿಯಲ್ಲಿ ಸೌಂದರ್ಯವರ್ಧಕಗಳೂ ಸೇರಿದವು. ಸೀಸ, ಆರ್ಸೆನಿಕ್ ಇರುವ ಬಣ್ಣಗಳನ್ನು ಅದು ತಡೆಯಿತು, ತಯಾರಿಕೆಗೆ ಪರವಾನಗಿ ಕಡ್ಡಾಯ ಮಾಡಿತು. ಕಾಗದದ ಮೇಲೆ ಇದು ಅಮೆರಿಕದ 1938ರ ಕಾಯ್ದೆಗಿಂತ ಬಿಗಿ.

ಸರ್ಕಾರ ಅಷ್ಟು ನಿಧಾನವಾದರೆ ಅಂಗಡಿಯಾದರೂ ಮಾಡಲಿ ಬಿಡಿ ಎಂಬ ಆಕ್ಷೇಪ ಉಳಿಯುತ್ತದೆ, ಅದು ಬಲವಾದದ್ದೇ. ಮಳಿಗೆಗಳ ಒತ್ತಡ, ಒಂದೊಂದು ರಾಜ್ಯದ ಒಂದೊಂದು ಕಾನೂನು, ಇವೆರಡರ ನಡುವೆ ಸಿಕ್ಕಿದ ದೊಡ್ಡ ತಯಾರಕರೇ ಕೊನೆಗೆ ಇಡೀ ದೇಶಕ್ಕೆ ಒಂದು ಕಾಯ್ದೆ ಬರಲಿ ಎನ್ನತೊಡಗಿದರು. 2015ರಲ್ಲಿ ಸೆನೆಟರ್‌ಗಳಾದ ಫೈನ್‌ಸ್ಟೀನ್ ಮತ್ತು ಕಾಲಿನ್ಸ್ ಮಂಡಿಸಿದ ಮಸೂದೆಗೆ ಹಲವು ದೈತ್ಯ ಕಂಪನಿಗಳ ಬೆಂಬಲವಿತ್ತು. ಅದು ಆಗ ಪಾಸಾಗಲಿಲ್ಲ. 2022ರ ಡಿಸೆಂಬರ್ 29ರಂದು ಬೇರೊಂದು ರೂಪದಲ್ಲಿ ಕಾನೂನಾಯಿತು. ಅಂಗಡಿಯ ಪಟ್ಟಿಗಳಿಲ್ಲದಿದ್ದರೆ ಈ ಕಾನೂನು ಇನ್ನೂ ತಡವಾಗುತ್ತಿತ್ತು ಎಂದು ಒಪ್ಪುವುದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಎರಡರ ವ್ಯತ್ಯಾಸ ಹೊಣೆಯಲ್ಲಿದೆ. ಸೆಫೊರಾದ ‘ಕ್ಲೀನ್’ ಮುದ್ರೆ ಮೋಸವೆಂದು 2022ರಲ್ಲಿ ಹೂಡಿದ ದಾವೆ 2024ರಲ್ಲಿ ವಜಾ ಆಯಿತು. ತನ್ನ ಪಟ್ಟಿಯಲ್ಲಿರುವ ಘಟಕಗಳಿಲ್ಲ ಎಂದಷ್ಟೇ ಅಂಗಡಿ ಹೇಳಿತ್ತು, ಅಷ್ಟು ನಿಜವಿದ್ದರೆ ಮುಗಿಯಿತು. ಹೊಸ ಕಾಯ್ದೆ ಮಾತ್ರ ಬೇರೆ ಮಾತು ಕೇಳುತ್ತದೆ: ವಸ್ತು ಸುರಕ್ಷಿತವೆಂಬುದಕ್ಕೆ ದಾಖಲೆ ಇಟ್ಟುಕೊಳ್ಳಬೇಕು, ಬಳಸಿದವರಿಗೆ ಗಂಭೀರ ಹಾನಿಯಾದ ಸುದ್ದಿ ಬಂದರೆ 15 ಕೆಲಸದ ದಿನಗಳೊಳಗೆ ಎಫ್‌ಡಿಎಗೆ ತಿಳಿಸಬೇಕು, ಅಗತ್ಯ ಬಿದ್ದರೆ ಎಫ್‌ಡಿಎ ಮಾಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬಹುದು. ಈ ಹೊಣೆ ಲೇಬಲ್ ಮೇಲೆ ಯಾರ ಹೆಸರಿದೆಯೋ ಅವರದು. ಆದ್ದರಿಂದ ಮಳಿಗೆಯ ಸ್ವಂತ ಹೆಸರಿನ ಲೋಷನ್ ಹಚ್ಚಿ ಯಾರಿಗಾದರೂ ಗಂಭೀರ ಹಾನಿಯಾದರೆ ಮಳಿಗೆ ವರದಿ ಮಾಡಲೇಬೇಕು. ಅದರ ಪಕ್ಕದಲ್ಲೇ ಬೇರೆ ಕಂಪನಿಯ ಹೆಸರು ಹೊತ್ತು, ಮಳಿಗೆಯ ‘ಕ್ಲೀನ್’ ಗುರುತು ಹಚ್ಚಿಸಿಕೊಂಡು ನಿಂತ ಬಾಟಲಿಯ ವಿಷಯದಲ್ಲಿ ಆ ಕರ್ತವ್ಯ ಮಳಿಗೆಯದಲ್ಲ.