ಅತಿಥಿಯ ಹೆಸರು ಯಾರ ಸೊತ್ತು?

ರಜೆಯಲ್ಲಿ ನಾಲ್ಕು ದಿನಕ್ಕೆಂದು ಬಾಡಿಗೆ ಮನೆ ಗೊತ್ತುಮಾಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಹಣ ಕಟ್ಟಿಯಾಗಿದೆ, ರೈಲಿನ ಟಿಕೆಟ್ಟೂ ಕೈಯಲ್ಲಿದೆ. ಹೊರಡುವ ಹಿಂದಿನ ದಿನ ಮನೆಯ ಮಾಲೀಕರಿಂದ ಸಂದೇಶ ಬರುತ್ತದೆ: ಬರುವವರೆಲ್ಲರ ಆಧಾರ್ ಕಾರ್ಡಿನ ಎರಡೂ ಬದಿಯ ಚಿತ್ರ ವಾಟ್ಸ್ಆ್ಯಪ್ ಮಾಡಿ, ಜತೆಗಿರುವ ಕರಾರಿಗೆ ಸಹಿ ಹಾಕಿ ಕಳಿಸಿ. ಕಳುವಾದರೆ ಮಾಲೀಕರು ಹೊಣೆಯಲ್ಲ, ಲೋಟ ಒಡೆದರೆ ದಂಡ, ಅತಿಥಿಗಳ ಮಾಹಿತಿಯನ್ನು ನಮಗೆ ಬೇಕಾದಂತೆ ಬಳಸಬಹುದು ಎಂದೆಲ್ಲ ಅದರಲ್ಲಿ ಇದ್ದರೂ ಇರಬಹುದು. ಮಕ್ಕಳು ಚೀಲ ತುಂಬುತ್ತಿರುವ ಹೊತ್ತಿನಲ್ಲಿ ಓದುವ ವ್ಯವಧಾನ ಯಾರಿಗಿದೆ? ಕಳಿಸದಿದ್ದರೆ ಬೀಗದ ಕೈ ಸಿಗದು.

ಬೇಡಿಕೆ ಒಂದೇ ಎಂದು ಕಂಡರೂ ಇಲ್ಲಿ ಎರಡಿವೆ. ಒಂದು, ನೀವು ಯಾರು ಎಂಬುದನ್ನು ದಾಖಲಿಸುವುದು. ಇನ್ನೊಂದು, ವ್ಯವಹಾರ ಮುಗಿದ ಮೇಲೆ ಹೊಸ ಷರತ್ತು ಸೇರಿಸುವುದು. ಎರಡಕ್ಕೂ ದೀರ್ಘವಾದ ಚರಿತ್ರೆಯಿದೆ.

ಮೊದಲನೆಯದರ ಜಾಡು ಹಿಡಿದು ಹೊರಟರೆ ಮೈಸೂರಿಗೇ ಬಂದು ನಿಲ್ಲುತ್ತೇವೆ. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ನಗರಾಡಳಿತದ ಒಂದು ಅಧ್ಯಾಯವಿದೆ. ಧರ್ಮಛತ್ರದವರು ಪರಮತದ ಯಾತ್ರಿಕರಿಗೆ ಇಂಬು ಕೊಡುವ ಮೊದಲು ಅಧಿಕಾರಿಗೆ ತಿಳಿಸಬೇಕು. ಹೆಂಡದಂಗಡಿಯವರು, ಬೇಯಿಸಿದ ಅನ್ನ-ಮಾಂಸ ಮಾರುವವರು ಪರಿಚಯವಿದ್ದವರನ್ನಷ್ಟೇ ತಂಗಿಸಬೇಕು. ಕೈಬಿಚ್ಚಿ ಖರ್ಚು ಮಾಡುವವನು ಕಂಡರೆ ವರದಿ ಮಾಡಬೇಕು. ಮನೆಯ ಯಜಮಾನನೂ ಬಂದವರು, ಹೋದವರು ಯಾರೆಂದು ಹೇಳಬೇಕು. ಹೇಳದಿದ್ದರೆ ಆ ರಾತ್ರಿ ನಡೆದ ಅಪರಾಧದಲ್ಲಿ ಅವನಿಗೂ ಪಾಲು. ರಾತ್ರಿ ಸುಖವಾಗಿಯೇ ಕಳೆದಿದ್ದರೂ 3 ಪಣ ದಂಡ ತಪ್ಪದು. ಅತಿಥಿಯನ್ನು ದೇವರೆಂದ ನಾಡಿನಲ್ಲೇ ಅವನ ಲೆಕ್ಕವನ್ನೂ ಇಷ್ಟು ಕಟ್ಟುನಿಟ್ಟಾಗಿ ಇಡಲು ಹೇಳಿದ್ದಾರೆ!

ಬ್ರಿಟಿಷರು ಇದನ್ನೇ ಕಾಯಿದೆಯ ಭಾಷೆಗೆ ಇಳಿಸಿದರು. 1857ರ ದಂಗೆಯಾಗಿ ಹತ್ತು ವರ್ಷಕ್ಕೆ, 1867ರಲ್ಲಿ, ಸರಾಯಿಗಳ ಕಾಯಿದೆ ಬಂತು. ಸರಾಯಿ ಎಂದರೆ ಪ್ರಯಾಣಿಕರು ತಂಗುವ ಕಟ್ಟಡ. ಅದನ್ನು ನಡೆಸುವವನು ನೋಂದಣಿ ಮಾಡಿಸಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರೆ ಹಿಂದಿನ ಹಗಲು, ರಾತ್ರಿ ಬಂದವರ ವಿವರವನ್ನು ಬಾಯಲ್ಲಾಗಲಿ ಬರಹದಲ್ಲಾಗಲಿ ಒಪ್ಪಿಸಬೇಕು. ವಸತಿಗೃಹದ ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರ್ ತೆರೆದಿಟ್ಟು ‘ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ’ ಎಂದು ಬರೆಸುವ ಪದ್ಧತಿಯ ಹಿಂದೆ ಇರುವುದು ಈ ಪರಂಪರೆಯೇ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವರದಿ ಮಾಡಲು ದಶಕಗಳ ಕಾಲ ಬಳಕೆಯಲ್ಲಿದ್ದ ‘ಸಿ ಫಾರಂ’ ಕೂಡ ಇದೇ ಜಾತಿಯದು.

ಇದರಲ್ಲಿ ಒಂದು ಸಂಗತಿ ಗಮನಿಸಬೇಕು. ಕೇಳುವವನು ರಾಜ, ಬರೆದಿಡುವವನು ಛತ್ರದವನು. ಯಾರ ಹೆಸರು ಬರೆಯಲಾಗುತ್ತದೋ ಅವನ ಮಾತೇ ಎಲ್ಲೂ ಬರುವುದಿಲ್ಲ. ತೀರ ಇತ್ತೀಚಿನ ಅಮೆರಿಕದ ಮೊಕದ್ದಮೆಯಲ್ಲೂ ಹಾಗೆಯೇ ಆಯಿತು. ಲಾಸ್ ಏಂಜಲೀಸ್ ನಗರದ ಕಟ್ಟಳೆಯಂತೆ ಹೋಟೆಲಿನವರು ಅತಿಥಿಯ ಹೆಸರು, ವಿಳಾಸ, ವಾಹನದ ವಿವರ, ಹಣ ಕೊಟ್ಟ ಬಗೆ ಇವನ್ನೆಲ್ಲ ಬರೆದು 90 ದಿನ ಇಡಬೇಕಿತ್ತು. ಪೊಲೀಸರು ವಾರಂಟಿಲ್ಲದೆ ಬಂದು ಕೇಳಿದರೂ ತೋರಿಸಬೇಕು, ಇಲ್ಲವಾದರೆ 6 ತಿಂಗಳ ತನಕ ಸೆರೆವಾಸ. ಇದನ್ನು ಪ್ರಶ್ನಿಸಿದವರು ಪಟೇಲ್ ಮನೆತನದ ಮೋಟೆಲ್ ಮಾಲೀಕರು. 2015ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4 ಮತಗಳಿಂದ ಅವರ ಪರ ತೀರ್ಪು ಕೊಟ್ಟಿತು. ಕೊಟ್ಟ ಕಾರಣ ಮಾತ್ರ ಸ್ವಾರಸ್ಯದ್ದು. ದಾಖಲೆ ಪುಸ್ತಕ ಮಾಲೀಕನ ವ್ಯವಹಾರದ ಕಾಗದ. ನಿಷ್ಪಕ್ಷಪಾತಿಯೊಬ್ಬರ ಮುಂದೆ ಆಕ್ಷೇಪ ಹೇಳಲು ಅವನಿಗೆ ಮೊದಲು ಅವಕಾಶವಿರಬೇಕು ಎಂಬುದು ತೀರ್ಪಿನ ತಿರುಳು. ಗೆದ್ದದ್ದು ಪುಸ್ತಕದ ಒಡೆಯ. ಅದರೊಳಗೆ ಹೆಸರಿದ್ದವರು ಪಕ್ಷಗಾರರೇ ಆಗಿರಲಿಲ್ಲ.

ಇನ್ನು ಕರಾರಿನ ಕತೆ. ಇಲ್ಲಿ ಅತಿಥಿಯ ಅದೃಷ್ಟ ಸ್ವಲ್ಪ ವಾಸಿ. ತಂಗಿದವನ ಸಾಮಾನು ಕಳುವಾದರೆ ಛತ್ರದವನೇ ತುಂಬಿಕೊಡಬೇಕೆಂಬ ನಿಯಮವನ್ನು ಇಂಗ್ಲೆಂಡಿನ ನ್ಯಾಯಾಲಯ 1584ರಲ್ಲೇ ವಿಸ್ತಾರವಾಗಿ ವಿವರಿಸಿತ್ತು. 1863ರ ಕಾಯಿದೆ ಆ ಹೊಣೆಯನ್ನು 30 ಪೌಂಡಿಗೆ ಮಿತಿಗೊಳಿಸಿತು. ಆದರೆ ಕೆಲಸದವರ ತಪ್ಪಿನಿಂದ ನಷ್ಟವಾದರೆ ಮಿತಿಯಿಲ್ಲ. ಮಿತಿಯ ಲಾಭ ಬೇಕಾದರೆ ಆ ಕಲಮನ್ನು ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು.

ಬಾಗಿಲ ಬಳಿ ಎಂಬ ಮಾತಿಗೆ ಅರ್ಥವಿತ್ತು. 1949ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಮಹಿಳೆಯೊಬ್ಬರ ದೂರು ಬಂತು. ಹೋಟೆಲಿನ ಕೋಣೆಯಿಂದ ಅವರ ಬೆಲೆಬಾಳುವ ಉಡುಪುಗಳು ಕಳುವಾಗಿದ್ದವು. ವಸ್ತು ಕಳೆದರೆ ನಾವು ಹೊಣೆಯಲ್ಲವೆಂದು ಕೋಣೆಯಲ್ಲಿ ಫಲಕ ಹಾಕಿದ್ದೇವಲ್ಲ ಎಂದರು ಹೋಟೆಲಿನವರು. ನ್ಯಾಯಾಧೀಶರು ಒಪ್ಪಲಿಲ್ಲ. ಕರಾರು ಆದದ್ದು ಕೆಳಗಿನ ಮೇಜಿನ ಬಳಿ, ಹಣ ಕಟ್ಟಿದಾಗ. ಮೇಲೆ ಹೋಗಿ ಕೋಣೆಯಲ್ಲಿ ಓದಿದ್ದು ಅದರ ಭಾಗವಾಗಲಾರದು. ನಮ್ಮಲ್ಲಿಯೂ 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರ ನಿಲುಗಡೆಯಿಂದ ಕಳುವಾದ ಕಾರಿನ ವ್ಯಾಜ್ಯ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕಾರು ಒಪ್ಪಿಸಿಕೊಂಡು ಕೊಟ್ಟ ಚೀಟಿಯಲ್ಲಿ ಜವಾಬ್ದಾರಿ ಮಾಲೀಕರದೇ ಎಂದು ಅಚ್ಚಾಗಿತ್ತು. ತನ್ನ ನಿರ್ಲಕ್ಷ್ಯದ ಹೊಣೆಯನ್ನು ಹೋಟೆಲು ಅಂಥ ಸಾಲಿನಿಂದ ಕಳಚಿಕೊಳ್ಳಲಾಗದು ಎಂದಿತು ನ್ಯಾಯಾಲಯ.

ಹೊರಡುವ ಹಿಂದಿನ ದಿನ ಮೊಬೈಲಿಗೆ ಬರುವ ಕರಾರು ಕೋಣೆಯೊಳಗಿನ ಆ ಫಲಕದ ಹೊಸ ಅವತಾರ. ವ್ಯತ್ಯಾಸವೆಂದರೆ ಫಲಕಕ್ಕೆ ಯಾರೂ ಸಹಿ ಕೇಳುತ್ತಿರಲಿಲ್ಲ. ಇದಕ್ಕೆ ಕೇಳುತ್ತಾರೆ, ನಾವು ಹಾಕುತ್ತೇವೆ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಕೂಡ, ಪ್ರತ್ಯೇಕ ಕರಾರು ಬೇಕಿದ್ದರೆ ಮನೆ ಗೊತ್ತುಮಾಡುವ ಮೊದಲೇ ಮಾಲೀಕರು ತಿಳಿಸಿರಬೇಕೆಂದು ನಿಯಮ ಮಾಡಿಕೊಂಡಿದೆ.

ಹೆಸರಿನ ಒಡೆಯನೂ ಪಕ್ಷಗಾರ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೇಳಿಸಿದ್ದು 2017ರ ಆಗಸ್ಟ್ 24ರಂದು. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದರ ಬೆನ್ನಿಗೆ ಬಂದ 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆಯ ಪ್ರಕಾರ ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಪಡೆಯಬಹುದು. ಕಾಯಿದೆಗೆ ವಿರುದ್ಧವಾದ ಒಪ್ಪಿಗೆ, ಸಹಿ ಮಾಡಿಕೊಟ್ಟಿದ್ದರೂ, ಅಷ್ಟರಮಟ್ಟಿಗೆ ಅಸಿಂಧು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ.

ಸರ್ಕಾರಕ್ಕೂ ಈ ವಿಷಯದಲ್ಲಿ ಮನಸ್ಸು ಎರಡಾಗಿರುವುದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆಯಿದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಪ್ರಕಟಣೆ ಹೊರಡಿಸಿ, ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ಆಧಾರ್ ಪ್ರತಿ ಪಡೆದು ಇಟ್ಟುಕೊಳ್ಳುವಂತಿಲ್ಲ ಎಂದಿತು. ಎರಡೇ ದಿನದಲ್ಲಿ, ತಪ್ಪು ಅರ್ಥ ಬರಬಹುದೆಂಬ ಕಾರಣಕ್ಕೆ, ಅದನ್ನು ಹಿಂದಕ್ಕೆ ಪಡೆಯಲಾಯಿತು.

ಸ್ಪೇನ್ ದೇಶದಲ್ಲಿ ತದ್ವಿರುದ್ಧ. ಅಲ್ಲಿ 2024ರ ಡಿಸೆಂಬರ್‌ನಿಂದ ರಜಾಮನೆಗಳವರೂ ಅತಿಥಿಗಳ ಉದ್ದನೆಯ ವಿವರಪಟ್ಟಿಯನ್ನು ಸರ್ಕಾರಕ್ಕೆ ಕಳಿಸಿ, 3 ವರ್ಷ ಕಾಪಾಡಬೇಕು. ಆದರೆ ಅದೇ ದೇಶದ ದತ್ತಾಂಶ ರಕ್ಷಣಾ ಸಂಸ್ಥೆ 2025ರಲ್ಲಿ ಒಂದು ಗೆರೆ ಎಳೆಯಿತು: ಗುರುತಿನ ಚೀಟಿ ನೋಡಿ, ಬೇಕಾದ್ದನ್ನು ಬರೆದುಕೊಳ್ಳಿ, ಅದರ ಪ್ರತಿ ಕೇಳಬೇಡಿ. ಹಳೆಯ ರಿಜಿಸ್ಟರಿನಲ್ಲಿ ನಡೆಯುತ್ತಿದ್ದುದು ಇಷ್ಟೇ. ಪುಸ್ತಕ ತುಂಬಿದರೆ ಅಟ್ಟ ಸೇರುತ್ತಿತ್ತು, ಗೆದ್ದಲು ತಿನ್ನುತ್ತಿತ್ತು. ಇವತ್ತಿನ ಚಿತ್ರ ಮಾಲೀಕರ ಫೋನಿನಲ್ಲಿ, ಮನೆ ನೋಡಿಕೊಳ್ಳುವವರ ಫೋನಿನಲ್ಲಿ ಉಳಿಯುತ್ತದೆ. ಅಳಿಸಿದರೋ ಇಲ್ಲವೋ ಕೇಳಿದವರಿಲ್ಲ. ಕೊನೆಯ 4 ಅಂಕಿ ಮಾತ್ರ ಕಾಣುವ, ಉಳಿದದ್ದು ಮುಚ್ಚಿರುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ತಾಣದಿಂದ ಯಾರಾದರೂ ಇಳಿಸಿಕೊಳ್ಳಬಹುದು. ಮುಂದಿನ ರಜೆಗೆ ಹೊರಡುವವರು ಅದನ್ನೇ ಕಳಿಸಿ ನೋಡಬಹುದು.