ನಿಲ್ದಾಣದ ಮುಂದಿನ ಅಂಗಳ



ಮೈಸೂರಿನ ಇತಿಹಾಸ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಅರಮನೆ, ಚಾಮುಂಡಿ ಬೆಟ್ಟ, ದಸರೆಯ ಜಂಬೂಸವಾರಿ. ರೈಲು ನಿಲ್ದಾಣದ ಮುಂದಿನ ಅಂಗಳವನ್ನು ಯಾರೂ ನೆನೆಯುವುದಿಲ್ಲ. ಆಟೋ ಹಿಡಿಯುವಷ್ಟು ಹೊತ್ತು ಮಾತ್ರ ನಾವು ಅಲ್ಲಿ ನಿಲ್ಲುತ್ತೇವೆ. ಆದರೆ ರೈಲಿನಲ್ಲಿ ಬಂದವರು ಊರನ್ನು ಮೊದಲು ಕಾಣುವುದು ಅಲ್ಲಿಂದಲೇ. ಮನೆಗೆ ಹೊಸ್ತಿಲು ಹೇಗೋ ನಗರಕ್ಕೆ ಆ ಅಂಗಳ ಹಾಗೆ. ಇತ್ತೀಚಿನ ವರ್ಷಗಳಲ್ಲಿ ಮೈಸೂರು ನಿಲ್ದಾಣವನ್ನು ಹೊಸದಾಗಿ ರೂಪಿಸುವ ಯೋಜನೆಗಳು ಬಂದಿವೆ. ಆದ್ದರಿಂದ ಈ ಹೊಸ್ತಿಲಿನ ಹಿಂದಿನ ಕಥೆಯನ್ನು ತಿಳಿಯುವುದು ಒಳ್ಳೆಯದು.

ಕ್ಷಾಮ ತಂದ ರೈಲು

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಹೆಚ್ಚಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ಒಲೆ ಆರಿತೆಂಬುದನ್ನು ನೀವೇ ಊಹಿಸಿ.

ಆಗ ಮದರಾಸಿನಿಂದ ಬೆಂಗಳೂರಿಗೆ ರೈಲು ಬರುತ್ತಿತ್ತು, ಧಾನ್ಯವೂ ಬರುತ್ತಿತ್ತು. ಆದರೆ ಬೆಂಗಳೂರಿನಿಂದ ಮುಂದೆ ಹಳ್ಳಿಗಳಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಕಾಳು ಇದ್ದರೂ ಅದು ಹಸಿದವರ ಬಳಿಗೆ ತಲುಪದ ಸ್ಥಿತಿ. ಈ ಕಹಿ ಪಾಠದಿಂದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗದ ಕೆಲಸ ಚುರುಕಾಯಿತು. ಕ್ಷಾಮ ಪರಿಹಾರದ ಕಾಮಗಾರಿಯಾಗಿ ಜನ ಕೂಲಿಗೆ ಮಣ್ಣು ಹೊತ್ತರು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂದಿತು. ದಿವಾನ್ ರಂಗಾಚಾರ್ಲು ಅವರು ರೈಲು ಮಾರ್ಗಕ್ಕೆ ಒತ್ತಾಸೆಯಾದರು. 1882ರಲ್ಲಿ ರೈಲು ಮೈಸೂರು ತಲುಪಿತು. ಸುಮಾರು 138 ಕಿಲೋಮೀಟರ್ ಉದ್ದದ ಆ ದಾರಿಯ ಕೊನೆಯ ಅಂಗಳವೇ ನಾವು ಇಂದು ಆಟೋಗಾಗಿ ಕಾಯುವ ಜಾಗ.

ಗಾಡಿ ಬದಲಾದಂತೆ

ನಿಲ್ದಾಣ ಎದ್ದದ್ದು ಕೋಟೆಯಿಂದ ದೂರ, ಹಳೆಯ ಊರಿನ ವಾಯವ್ಯಕ್ಕೆ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಕೇರಿಗಳು ನಲುಗಿದವು. 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ರಸ್ತೆಗಳು ಅಗಲವಾದವು, ಹೊಸ ಬಡಾವಣೆಗಳು ಬಂದವು. ಊರು ತಾನೇ ಬೆಳೆದು ನಿಲ್ದಾಣವನ್ನು ಸುತ್ತುವರಿಯಿತು.

ಮೊದಲು ಈ ಅಂಗಳ ಜಟಕಾಗಳದು, ಟಾಂಗಾಗಳದು. ಆಮೇಲೆ ಬಸ್ಸು ಬಂದಿತು, ಆಟೋ ಬಂದಿತು, ಕೊನೆಗೆ ಕಾರು. ಒಳಗೆ ಹಳಿಯೂ ಬದಲಾಯಿತು: 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು, ಮುಂದೆ ಜೋಡಿ ಹಳಿ, ವಿದ್ಯುತ್ ತಂತಿ. ಹಳೆಯ ಕಾಲದ ಎಂಜಿನ್‌ಗಳು ಮತ್ತು ಮಹಾರಾಣಿಯವರ ಸಲೂನು ನಿಲ್ದಾಣದ ಪಕ್ಕದ ರೈಲು ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಅದು ಆರಂಭವಾದದ್ದು 1979ರಲ್ಲಿ. ಎಂಜಿನ್ನನ್ನು ಹೀಗೆ ಕಾಪಾಡಬಹುದು. ಆದರೆ ಬಯಲನ್ನು ವಸ್ತುಸಂಗ್ರಹಾಲಯದಲ್ಲಿ ಇಡಲಾಗದು; ಬಳಸುತ್ತಲೇ ಅದನ್ನು ಉಳಿಸಿಕೊಳ್ಳಬೇಕು.

ಬೇರೆ ಊರುಗಳ ಪಾಠ

ಬೆಂಗಳೂರನ್ನೇ ನೋಡಿ. ಅಲ್ಲಿನ ಸಿಟಿ ನಿಲ್ದಾಣದ ಎದುರಿಗೆ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು, ಅದರ ಪಕ್ಕದಲ್ಲೇ ನೆಲದಡಿ ಮೆಟ್ರೊ ಬಂದಿತು. ಒಂದೊಂದೂ ಬೇಕಾದದ್ದೇ. ಆದರೂ ಗಂಟು ಹೊತ್ತು ರೈಲಿಳಿದ ಮುದುಕಿಗೆ ಕುಳಿತು ದಣಿವಾರಿಸಿಕೊಳ್ಳಲು ನೆರಳಿನ ಜಾಗ ಎಷ್ಟು ಉಳಿಯಿತು?

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಕಥೆ ಇದಕ್ಕೆ ವಿರುದ್ಧ. 1852ರ ಆ ಕಟ್ಟಡದ ಮುಂದೆ 1972ರಲ್ಲಿ ತಾತ್ಕಾಲಿಕವೆಂದು ಒಂದು ಚಾವಣಿ ಕಟ್ಟಿದರು. ಆ ‘ತಾತ್ಕಾಲಿಕ’ ನಲವತ್ತು ವರ್ಷ ನಿಂತಿತು! ಕೊನೆಗೆ ಅದನ್ನು ಕೆಡವಿ, 2013ರಲ್ಲಿ ಅಲ್ಲಿ ಜನರು ಓಡಾಡುವ ತೆರೆದ ಚೌಕ ಮಾಡಿದರು. ಹಳೆಯ ಇಟ್ಟಿಗೆಯ ಮುಖ ಮತ್ತೆ ಕಂಡಿತು. ಕಳೆದುಕೊಂಡ ಬಯಲನ್ನು ಮರಳಿ ಪಡೆಯಬಹುದು, ಆದರೆ ಅದಕ್ಕೆ ಒಂದು ತಲೆಮಾರೇ ಕಾಯಬೇಕಾದೀತು.

ನಮ್ಮ ಮುಂದಿರುವ ಪ್ರಶ್ನೆ

ಬದಲಾವಣೆ ಬೇಡವೆನ್ನಲಾಗದು. ರೈಲುಗಳು ಹೆಚ್ಚಿವೆ, ಹಳಿಗಳಿಗೆ ಜಾಗ ಸಾಲದು. ಮೈಸೂರು ನಿಲ್ದಾಣದ ಒತ್ತಡ ತಗ್ಗಿಸಲೆಂದೇ ನಾಗನಹಳ್ಳಿಯಲ್ಲಿ ದೊಡ್ಡ ಕೋಚಿಂಗ್ ಸಂಕೀರ್ಣಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ರೈಲು ಆರಂಭವಾಯಿತು. ಬರುವ ಜನ ಹೆಚ್ಚಿದಂತೆ ಅಂಗಳದ ಅಗತ್ಯವೂ ಹೆಚ್ಚುತ್ತದೆ.

ಯೋಜನೆಯ ನಕ್ಷೆಯಲ್ಲಿ ಕಾರು ನಿಲ್ಲಿಸಲು ಎಷ್ಟು ಜಾಗ ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ನಡೆದು ಬರುವವರಿಗೆ ಎಷ್ಟು? ಟಿಕೆಟ್ ಇಲ್ಲದೆ ನೆಂಟರನ್ನು ಕರೆದೊಯ್ಯಲು ಬಂದವರಿಗೆ, ಕೂಲಿಗೆ, ಹೂವು ಮಾರುವಾಕೆಗೆ ಎಷ್ಟು? ಈ ಲೆಕ್ಕವನ್ನು ಕೇಳುವವರಿದ್ದರೆ ಮಾತ್ರ ಅದು ನಕ್ಷೆಗೆ ಸೇರುತ್ತದೆ. ಹಸಿದ ಜನರ ದುಡಿಮೆಯಿಂದ ಬಂದ ರೈಲಿನ ಅಂಗಳದಲ್ಲಿ ಬಡವನಿಗೊಂದು ನೆರಳು ಇರಬೇಕೆಂದು ಕೇಳುವುದು ನ್ಯಾಯವೇ ಆಗಿದೆ.

ಮುಂದಿನ ಸಲ ಮೈಸೂರಿನಲ್ಲಿ ರೈಲಿಳಿದಾಗ ಹತ್ತು ನಿಮಿಷ ಅಲ್ಲಿಯೇ ನಿಲ್ಲಿ. ಎಷ್ಟು ಜನ ಕುಳಿತಿದ್ದಾರೆ, ಎಷ್ಟು ಜನ ಬಿಸಿಲಲ್ಲಿ ನಿಂತಿದ್ದಾರೆ, ರಸ್ತೆ ದಾಟಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ ಬರೆದುಕೊಳ್ಳಿ. ಅದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ನಾಳೆ ಆ ನಕ್ಷೆಗೆ ಸಹಿ ಹಾಕುವ ಇಂಜಿನಿಯರು, ಅಧಿಕಾರಿ ನಿಮ್ಮಲ್ಲಿಯೇ ಒಬ್ಬರಾಗಿರಬಹುದು.